ರಾಣಿಯ ಉಡುಗೆ ಬೀದಿಗೆ ಇಳಿದಾಗ

ಛಾಯಾಚಿತ್ರ ಇನ್ನೂ ಹುಟ್ಟಿರದ ಕಾಲದಲ್ಲಿ ಒಂದು ಊರಿನ ಹೊಸ ಉಡುಪು ಇನ್ನೊಂದು ಊರಿಗೆ ತಿಳಿಯುತ್ತಿದ್ದುದು ಹೇಗೆ? ಫ್ರಾನ್ಸ್‌ನಲ್ಲಿ ಈ ಕೆಲಸಕ್ಕೆ ಗೊಂಬೆಗಳಿದ್ದವು. ಹೊಸ ನಮೂನೆಯ ಬಟ್ಟೆ ತೊಟ್ಟ ಗೊಂಬೆಗಳು ಪ್ಯಾರಿಸ್ಸಿನಿಂದ ಪರದೇಶಗಳಿಗೂ ಹೋಗುತ್ತಿದ್ದವು. ಆದರೆ ಗೊಂಬೆ ದುಬಾರಿ, ಅದನ್ನು ನೋಡುವವರೂ ಕೆಲವರೇ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಅದರ ಜಾಗವನ್ನು ಅಚ್ಚಿನ ಚಿತ್ರ ಆಕ್ರಮಿಸಿತು.

1778ರಲ್ಲಿ ಪ್ಯಾರಿಸ್ಸಿನ ಎಸ್ನೋ ಮತ್ತು ರಾಪಿಯಿ ಎಂಬ ಚಿತ್ರ ವ್ಯಾಪಾರಿಗಳು ‘ಗ್ಯಾಲರಿ ದೆ ಮೋದ್’ ಎಂಬ ಚಿತ್ರಮಾಲೆಯನ್ನು ಆರಂಭಿಸಿದರು. 1787ರವರೆಗೆ ನಡೆದ ಈ ಮಾಲೆಯಲ್ಲಿ 400ಕ್ಕೂ ಹೆಚ್ಚು ಚಿತ್ರಗಳು ಬಂದವು. ತಾಮ್ರದ ತಗಡಿನಲ್ಲಿ ಕೊರೆದು, ಕಾಗದದ ಮೇಲೆ ಅಚ್ಚೊತ್ತಿ, ಕೈಯಿಂದ ಬಣ್ಣ ತುಂಬುತ್ತಿದ್ದರು. ಹೀಗಾಗಿ ಒಂದೇ ಚಿತ್ರದ ಲಂಗ ಒಂದು ಪ್ರತಿಯಲ್ಲಿ ಗುಲಾಬಿಯಾದರೆ ಇನ್ನೊಂದರಲ್ಲಿ ಹಸಿರಾಗಿರುವುದುಂಟು! ಚಿತ್ರದ ಅಡಿಯಲ್ಲಿ ಉಡುಪಿನ ಹೆಸರು, ವಿವರ. ಇಂದಿನ ಇತಿಹಾಸಕಾರರಿಗೆ ಬಣ್ಣಕ್ಕಿಂತ ಈ ಅಡಿಬರಹವೇ ಹೆಚ್ಚು ನಂಬಿಕೆಗೆ ಅರ್ಹ.

ಈ ಹಾಳೆಗಳಲ್ಲಿ ಸೊಂಟದ ಎರಡೂ ಪಕ್ಕಕ್ಕೆ ಚೌಕಟ್ಟು ಕಟ್ಟಿ ಅಗಲಿಸಿದ ಆಸ್ಥಾನದ ಗೌನುಗಳಿವೆ. ಹಿಂಬದಿಯ ಬಟ್ಟೆಯನ್ನು ದಾರದಿಂದ ಮೇಲೆಳೆದು ಮೂರು ಉಬ್ಬುಗಳಾಗಿ ಕಟ್ಟಿದ, ನಡೆದಾಡಲು ಹಗುರವಾದ ‘ಪೊಲೊನೇಸ್’ ಇದೆ. 1778ರಲ್ಲಿ ‘ಬೆಲ್ ಪೂಲ್’ ಎಂಬ ಫ್ರೆಂಚ್ ಯುದ್ಧನೌಕೆ ಬ್ರಿಟಿಷರೊಡನೆ ಕಾದಾಡಿದ ಮೇಲಂತೂ ತಲೆಗೂದಲ ಮೇಲೆ ಹಾಯಿಹಡಗನ್ನೇ ಹೊತ್ತ ಹೆಂಗಸರ ಚಿತ್ರಗಳು ಬಂದವು. ಎಷ್ಟು ಮಂದಿ ನಿಜವಾಗಿ ಅದನ್ನು ಹೊತ್ತು ತಿರುಗಿದರು ಎಂಬುದು ಬೇರೆ ಮಾತು. ಇವು ವ್ಯಾಪಾರದ ಚಿತ್ರಗಳು; ಇಲ್ಲಿನ ಯಾವ ಹೆಣ್ಣೂ ಬೆವರುವುದಿಲ್ಲ, ಯಾವ ಸೊಂಟವೂ ದಪ್ಪವಿಲ್ಲ.

ಅಲ್ಲಿಯವರೆಗೆ ಉಡುಪನ್ನು ದೂರದಿಂದ ನೋಡಿಯೇ ಹೆಂಗಸಿನ ಅಂತಸ್ತು ಹೇಳಬಹುದಿತ್ತು. ಅದಕ್ಕೆ ದೊಡ್ಡ ಪೆಟ್ಟು ಕೊಟ್ಟವಳು ಸ್ವತಃ ರಾಣಿ ಮಾರಿ ಆಂತ್ವಾನೆತ್ ಎಂಬುದು ಸೋಜಿಗ. ಬಿಳಿ ಮಸ್ಲಿನ್‌ನ ಸಡಿಲ ಅಂಗಿ, ಸೊಂಟಕ್ಕೊಂದು ಪಟ್ಟಿ, ತಲೆಗೆ ಹುಲ್ಲಿನ ಟೋಪಿ: 1783ರ ಪ್ಯಾರಿಸ್ ಕಲಾಪ್ರದರ್ಶನದಲ್ಲಿ ಕಲಾವಿದೆ ವಿಜೆ ಲ ಬ್ರನ್ ಬರೆದ ರಾಣಿಯ ಭಾವಚಿತ್ರ ಹೀಗಿತ್ತು. ರಾಣಿಯನ್ನು ಒಳಉಡುಪಿನಲ್ಲಿ ನಿಲ್ಲಿಸಿದ್ದಾರೆ ಎಂದು ಜನ ಕೆರಳಿದರು. ನವಿರು ಮಸ್ಲಿನ್‌ಗೆ ಆಗ ಹೆಸರಾಗಿದ್ದುದು ನಮ್ಮ ಬಂಗಾಳ. ಪರದೇಶದ ಹತ್ತಿ ಉಟ್ಟು ಲಿಯಾನ್ ನಗರದ ರೇಷ್ಮೆ ನೇಕಾರರ ಹೊಟ್ಟೆಗೆ ಹೊಡೆಯುತ್ತಾಳೆ ಎಂಬ ದೂರೂ ಎದ್ದಿತು. ಚಿತ್ರವನ್ನು ತೆಗೆದು, ರೇಷ್ಮೆ ಗೌನು ತೊಟ್ಟ ರಾಣಿಯ ಇನ್ನೊಂದು ಚಿತ್ರವನ್ನು ಇಡಬೇಕಾಯಿತು. ಕೈಯಲ್ಲಿನ ಗುಲಾಬಿ ಮಾತ್ರ ಹಾಗೆಯೇ ಉಳಿಯಿತು.

ಭಾವಚಿತ್ರ ಹೋಯಿತು, ಅಂಗಿ ಹೋಗಲಿಲ್ಲ. ‘ರಾಣಿಯ ಅಂಗಿ’ ಎಂಬ ಹೆಸರಿನಲ್ಲೇ ಅದು ಅಚ್ಚಿನ ಹಾಳೆಗಳಿಗೆ ಏರಿತು. ರೇಷ್ಮೆ ಕಸೂತಿಯ ಗೌನನ್ನು ನಕಲು ಮಾಡುವುದು ಕಷ್ಟ, ಇದನ್ನು ಯಾವ ದರ್ಜಿಯೂ ಹೊಲಿಯಬಲ್ಲ. 1785ರ ನವೆಂಬರ್‌ನಲ್ಲಿ ಹದಿನೈದು ದಿನಕ್ಕೊಮ್ಮೆ ಬಣ್ಣದ ಚಿತ್ರ ಕೊಡುವ ‘ಕ್ಯಾಬಿನೆ ದೆ ಮೋದ್’ ಪತ್ರಿಕೆಯೂ ಹೊರಟಿತು. ಹೊಸ ಉಡುಪಿನ ಸುದ್ದಿಗೆ ಆಸ್ಥಾನದ ಬಾಗಿಲು ಕಾಯಬೇಕಿರಲಿಲ್ಲ. ಚಂದಾ ಕಟ್ಟಿದರೆ ಸಾಕಿತ್ತು.

ಮಸ್ಲಿನ್ ಕಥೆಗೆ ಮೈಸೂರಿನದೂ ಒಂದು ಎಳೆಯಿದೆ. ಬ್ರಿಟಿಷರ ವಿರುದ್ಧ ನೆರವು ಕೋರಿ ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳನ್ನು ದೊರೆ 16ನೇ ಲೂಯಿ 1788ರ ಆಗಸ್ಟ್ 10ರಂದು ವರ್ಸೇಲ್ಸ್‌ನಲ್ಲಿ ಬರಮಾಡಿಕೊಂಡ. ಅವರಲ್ಲಿ ಮೊಹಮ್ಮದ್ ದರ್ವೇಶ್ ಖಾನನ ಭಾವಚಿತ್ರ ಬರೆದವಳು ಅದೇ ವಿಜೆ ಲ ಬ್ರನ್. ಹೂ ಬೇರಿದ ಬಿಳಿ ಮಸ್ಲಿನ್ ನಿಲುವಂಗಿಯಲ್ಲಿ, ಕತ್ತಿ ಹಿಡಿದು, ಆತ ಗತ್ತಿನಿಂದ ನಿಂತಿದ್ದಾನೆ. ರಾಣಿಗೆ ಅವಮಾನ ತಂದ ಬಟ್ಟೆ ರಾಯಭಾರಿಯ ಮೈಮೇಲೆ ಘನತೆಯಾಯಿತು.

ಮರುವರ್ಷವೇ ಕ್ರಾಂತಿ. ಅಚ್ಚಿನ ಹಾಳೆಗಳಲ್ಲಿ ಕೆಂಪು, ಬಿಳಿ, ನೀಲಿ ಬಣ್ಣದ ದೇಶಭಕ್ತ ಉಡುಪುಗಳು ಕಾಣಿಸಿಕೊಂಡವು. 1793ರ ಅಕ್ಟೋಬರ್ 16ರಂದು ಮಾರಿ ಆಂತ್ವಾನೆತ್‌ಳನ್ನು ವಧಾಸ್ಥಾನಕ್ಕೆ ಒಯ್ಯುವಾಗ ಕಲಾವಿದ ಝಾಕ್ ಲೂಯಿ ದವೀದ್ ಆಕೆಯ ಕೊನೆಯ ಚಿತ್ರವನ್ನು ಲೇಖನಿಯ ಕೆಲವೇ ಗೆರೆಗಳಲ್ಲಿ ಬರೆದುಕೊಂಡ. ಕತ್ತರಿಸಿದ ಕೂದಲು, ಸಾದಾ ಟೋಪಿ, ಹಿಂದಕ್ಕೆ ಕಟ್ಟಿದ ಕೈ. ಅಂದು ಆಕೆ ಉಟ್ಟಿದ್ದುದು ಬಿಳಿ ಅಂಗಿ.