ಯಲ್ಲಮ್ಮನಗುಡ್ಡ ಮತ್ತು ಸುತ್ತಲಿನ ಊಟದ ನೆಲೆಗಳು

ಯಲ್ಲಮ್ಮನಗುಡ್ಡ ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಸಣ್ಣ ಊರು. ಸವದತ್ತಿ ಪಟ್ಟಣದಿಂದ ಸುಮಾರು 5 ಕಿ.ಮೀ. ದೂರದಲ್ಲಿ, ಉಗರಗೋಳದ ಮಗ್ಗುಲಿಗೆ ಇದೆ. ರೇಣುಕಾ ಯಲ್ಲಮ್ಮನ ದರ್ಶನಕ್ಕೆ ಕರ್ನಾಟಕದಿಂದಷ್ಟೇ ಅಲ್ಲದೆ ಮಹಾರಾಷ್ಟ್ರ, ಗೋವಾ, ತೆಲಂಗಾಣ, ಆಂಧ್ರಗಳಿಂದಲೂ ಜನ ಬರುತ್ತಾರೆ. ಇಷ್ಟು ಮಂದಿಗೆ ಊಟ ಎಲ್ಲಿ ಎಂದು ಕೇಳಿದರೆ ಇಲ್ಲಿಯವರು ಹೋಟೆಲಿನ ಹೆಸರು ಹೇಳುವುದಿಲ್ಲ. ಹೆಚ್ಚಿನವರು ತಾವೇ ಒಲೆ ಹೂಡುತ್ತಾರೆ. ಉಳಿದವರಿಗೆ ದೇವಸ್ಥಾನದ ದಾಸೋಹವಿದೆ, ಕೆಳಗೆ ಸವದತ್ತಿಯ ಖಾನಾವಳಿಗಳಿವೆ.

ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಗುಡ್ಡದ ಸುತ್ತಲಿನ ಬಯಲೇ ಅಡುಗೆಮನೆ. ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಜೋಳದ ಹಿಟ್ಟು, ಬೇಳೆ, ಬೆಲ್ಲ, ಕಟ್ಟಿಗೆ, ಪಾತ್ರೆ ಹೇರಿಕೊಂಡು ಬಂದ ಕುಟುಂಬಗಳು ಜೋಗುಳಬಾವಿಯಲ್ಲಿ ಸ್ನಾನ ಮುಗಿಸಿ ಗುಡ್ಡಕ್ಕೆ ಬರುತ್ತವೆ. ಮೂರು ಕಲ್ಲು ಹೂಡಿ ಒಲೆ ಹಚ್ಚಿದರೆ ಹೋಳಿಗೆ, ಕಡಬು, ವಡೆ, ಬದನೆಕಾಯಿ ಪಲ್ಯ, ಅನ್ನ, ಕಟ್ಟಿನ ಸಾರು ಒಂದರ ಹಿಂದೊಂದು ಸಿದ್ಧವಾಗುತ್ತವೆ. ಹೂರಣಕ್ಕೆಂದು ಬೇಯಿಸಿದ ಬೇಳೆಯ ಕಟ್ಟನ್ನು ಬಸಿದು, ಅದಕ್ಕೆ ಹುಣಸೆಹುಳಿ, ಖಾರ, ಮಸಾಲೆ ಬೆರೆಸಿ ಕುದಿಸಿದ ಈ ಸಾರಿಗೆ ಬಯಲಿನ ಕಟ್ಟಿಗೆ ಒಲೆಯಲ್ಲಿ ಬರುವ ರುಚಿ ಮನೆಯ ಗ್ಯಾಸಿನ ಮೇಲೆ ಬರುವುದಿಲ್ಲ. ಮೊದಲ ಪಾಲು ದೇವಿಗೆ. ಆಮೇಲೆ ದೇವಿಗೆ ಮುಡಿಪಾದ ಜೋಗಮ್ಮಂದಿರನ್ನು ಕೂಡಿಸಿ ಪರಡಿ ತುಂಬುತ್ತಾರೆ. ಎಂದರೆ ಮಾಡಿದ ಎಲ್ಲ ಅಡುಗೆಯನ್ನೂ ಅವರ ಬುಟ್ಟಿಗೆ ಬಡಿಸುತ್ತಾರೆ. ಅದಾದ ಮೇಲೆಯೇ ಮನೆಯವರ ಪಂಕ್ತಿ. ಹಾದಿಯಲ್ಲಿ ಹೋಗುವ ಅಪರಿಚಿತನಿಗೂ ‘ಬರ್ರಿ, ಉಣ್ಣಾಕ ಕೂಡ್ರಿ’ ಎಂಬ ಕರೆ ಬರುತ್ತದೆ. ಹೊಟ್ಟೆ ತುಂಬಿದ್ದರೂ ಒಂದು ತುತ್ತು ಹೋಳಿಗೆ ಇಸಿದುಕೊಳ್ಳುವುದು ರೀತಿ. ಗುಡ್ಡದ ಅಂಗಡಿಗಳಲ್ಲಿ ಉಪ್ಪಿಟ್ಟು, ಅವಲಕ್ಕಿ, ಭಜಿ, ಚಹಾ ಸಿಗುತ್ತವೆ. ಜಾತ್ರೆಯಲ್ಲಿ ಬೆಂಡು, ಬತ್ತಾಸು, ಅಳ್ಳು, ಜಿಲೇಬಿ ಮಾರುತ್ತಾರೆ. ಮಂಗಳವಾರ, ಶುಕ್ರವಾರಗಳಂದು ಗದ್ದಲ ಹೆಚ್ಚು.

ಸವದತ್ತಿ ಪಟ್ಟಣದಲ್ಲಿ ಕೂತು ಉಣ್ಣುವ ಜಾಗವೆಂದರೆ ಖಾನಾವಳಿ. ಓದಲು, ನೌಕರಿ ಮಾಡಲು ಪರಊರಿನಿಂದ ಬಂದವರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತ ಧಾರವಾಡ, ಬೆಳಗಾವಿ ಸೀಮೆಯಲ್ಲಿ ಬೇರು ಬಿಟ್ಟ ಪದ್ಧತಿಯಿದು. ‘ಲಿಂಗಾಯತ ಖಾನಾವಳಿ’ ಎಂಬ ಫಲಕ ಕಂಡರೆ ಅಲ್ಲಿ ಶುದ್ಧ ಸಸ್ಯಾಹಾರ. ‘ಸಾವಜಿ’ ಎಂದಿದ್ದರೆ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮುದಾಯದ ಕೈರುಚಿಯ, ಕೆಂಪು ಖಾರದ ಮಟನ್, ಖೀಮಾ. ರೊಟ್ಟಿ ಎರಡೂ ಕಡೆ ಒಂದೇ. ಎಸರು ಹಾಕಿ ನಾದಿದ ಜೋಳದ ಹಿಟ್ಟಿನ ಮುದ್ದೆಯನ್ನು ಒಣಹಿಟ್ಟಿನ ಮೇಲಿಟ್ಟು, ಅಂಗೈಯಿಂದ ಬಡಿಯುತ್ತ ತಿರುಗಿಸುತ್ತಾರೆ. ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿ, ನೀರು ಆರುತ್ತಲೇ ಮಗುಚಿ, ಕೊನೆಗೆ ಉರಿಗೆ ಒಡ್ಡಿದರೆ ರೊಟ್ಟಿ ಉಬ್ಬುತ್ತದೆ. ಅದನ್ನೇ ಗರಿಗರಿಯಾಗಿ ಒಣಗಿಸಿದರೆ ಖಡಕ್ ರೊಟ್ಟಿ. ತಾಟಿನಲ್ಲಿ ಎಣ್ಣೆಗಾಯಿ, ಕಾಳುಪಲ್ಯ, ಪುಂಡಿಪಲ್ಯ ಇಲ್ಲವೆ ಝುಣಕ, ಶೇಂಗಾ ಮತ್ತು ಗುರೆಳ್ಳಿನ ಹಿಂಡಿ, ಕೆಂಪು ಖಾರದ ರಂಜಕ, ಗಟ್ಟಿ ಮೊಸರು ಇರುತ್ತವೆ. ಜೊತೆಗೆ ಹಸಿ ಮೆಂತ್ಯಸೊಪ್ಪು, ಉಳ್ಳಾಗಡ್ಡಿ, ಸವತೆಕಾಯಿ. ಖಾನಾವಳಿಯ ಗುಣ ತಿಳಿಯಬೇಕಾದರೆ ಎಣ್ಣೆಗಾಯಿ ನೋಡಬೇಕು. ಎಳೆ ಬದನೆಕಾಯಿ ತೊಟ್ಟಿನ ಸಮೇತ ಇಡಿಯಾಗಿ ಉಳಿದು, ಒಳಗಿನ ಶೇಂಗಾ, ಗುರೆಳ್ಳು, ಕೊಬ್ಬರಿಯ ತುಂಬು ಬೆಂದು ಎಣ್ಣೆ ಬಿಟ್ಟಿದ್ದರೆ ಅಲ್ಲಿ ಧೈರ್ಯವಾಗಿ ಉಣ್ಣಬಹುದು.

ಸವದತ್ತಿಯ ಪಶ್ಚಿಮಕ್ಕಿರುವ ಬೈಲಹೊಂಗಲ ಎರೆನೆಲದ ವ್ಯಾಪಾರದ ಊರು. ಕಿತ್ತೂರು ಚನ್ನಮ್ಮನ ಸಮಾಧಿ ಇಲ್ಲಿದೆ. ಪೇಟೆಗೆ ಬಂದ ರೈತರ ಹೊಟ್ಟೆ ನೋಡಿಕೊಳ್ಳುವ ಊರಾದ್ದರಿಂದ ಊಟಕ್ಕಿಂತ ನಾಷ್ಟಾದ ಸೊಗಸು ಹೆಚ್ಚು. ಸಂಜೆಗೆ ಗಿರಮಿಟ್ ಮತ್ತು ಮಿರ್ಚಿ ಭಜಿ. ಚುರಮುರಿಗೆ ಹುಣಸೆರಸದ ಒಗ್ಗರಣೆ ಕಲಸಿ, ಪುಟಾಣಿ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ ಉದುರಿಸಿದ ಗಿರಮಿಟ್ಟನ್ನು ಕೈಗೆ ಬಂದ ಕೂಡಲೇ ತಿನ್ನಬೇಕು, ತಡವಾದರೆ ಮೆತ್ತಗಾಗುತ್ತದೆ. ಈ ಸೀಮೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಝುಣಕ, ಪುರಿ ಭಾಜಿ, ಚಹಾದ ರೂಢಿಯಲ್ಲಿ ಮರಾಠಿ ನೆರೆಯ ನಂಟು ಇಂದಿಗೂ ಕಾಣುತ್ತದೆ.

ಕಿತ್ತೂರು ಬೆಳಗಾವಿ–ಧಾರವಾಡ ಹೆದ್ದಾರಿಯ ಮೇಲಿರುವುದರಿಂದ ಧಾಬಾಗಳಿಗೆ ಕೊರತೆಯಿಲ್ಲ. ಅವುಗಳ ಊಟ ಎಲ್ಲ ಹೆದ್ದಾರಿಗಳಲ್ಲೂ ಸಿಗುವಂಥದ್ದೇ. ಕೋಟೆ ನೋಡಿ ಬಂದವರು ಊರೊಳಗೆ ರೊಟ್ಟಿ ಊಟ ಹುಡುಕುವುದು ಮೇಲು. 1824ರ ಅಕ್ಟೋಬರ್ 23ರಂದು ಚನ್ನಮ್ಮನ ಪಡೆ ಬ್ರಿಟಿಷರ ವಿರುದ್ಧ ಗೆದ್ದ ನೆನಪಿಗೆ ನಡೆಯುವ ಕಿತ್ತೂರು ಉತ್ಸವದಲ್ಲಿ ತಿನಿಸಿನ ಮಳಿಗೆಗಳೂ ತುಂಬುತ್ತವೆ. ಇಲ್ಲಿಂದ ದಕ್ಷಿಣಕ್ಕೆ ಹೋದರೆ ಧಾರವಾಡದ ಪೇಢೆ, ಉತ್ತರಕ್ಕೆ ಬೆಳಗಾವಿಯ ಕುಂದಾ.

ರಾಮದುರ್ಗ 1948ರವರೆಗೆ ಭಾವೆ ಮನೆತನದ ಸಂಸ್ಥಾನವಾಗಿತ್ತು. ಈ ತಾಲ್ಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಶಬರಿ ರಾಮನಿಗೆ ಹಣ್ಣು ತಿನ್ನಿಸಿದ ತಾಣ ಇದೇ ಎಂಬುದು ಇಲ್ಲಿಯವರ ನಂಬಿಕೆ. ಇದೇ ತಾಲ್ಲೂಕಿನ ಗೊಡಚಿಯಲ್ಲಿ ಚಳಿಗಾಲಕ್ಕೆ ನಡೆಯುವ ವೀರಭದ್ರೇಶ್ವರ ಜಾತ್ರೆಯಲ್ಲಿ ಬಾರಿಹಣ್ಣು, ಬಳೂಲಹಣ್ಣುಗಳ ರಾಶಿ ಬೀಳುತ್ತದೆ. ಬಳೂಲದ ತಿರುಳಿಗೆ ಬೆಲ್ಲ ಕಲಸಿ ತಿನ್ನುತ್ತಾರೆ.

ಈ ಎಲ್ಲ ಕಡೆ ಅತಿ ಒಳ್ಳೆಯ ಊಟ ಹೊಲದಲ್ಲಿ ಆಗುತ್ತದೆ, ಅದು ದುಡ್ಡಿಗೆ ಸಿಗುವುದಿಲ್ಲ. ಸೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆಗಳಂದು ಮನೆಮಂದಿ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ, ಅಲ್ಲೇ ಕೂತು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಭರ್ತ ಉಣ್ಣುತ್ತಾರೆ. ಹಿಂಗಾರಿ ಬಿಳಿಜೋಳ ಹಾಲುಗಾಳಾದಾಗ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ತೂರಿದರೆ ಸೀತನಿ. ಬಿಸಿ ಇರುವಾಗಲೇ ಶೇಂಗಾ ಹಿಂಡಿ, ಬೆಲ್ಲದ ಜೊತೆ ಮುಕ್ಕುವ ಈ ತಿನಿಸಿನ ಕಾಲ ಕೆಲವೇ ವಾರ. ಪರಿಚಯದ ರೈತರಿದ್ದರೆ ಮೊದಲೇ ಹೇಳಿಟ್ಟು ಹೋಗಬೇಕು.

ಗುಡ್ಡಕ್ಕೆ ಬರುವವರು ಸ್ಟೀಲಿನ ತಾಟು, ಲೋಟ ಜೊತೆಗೆ ತರಬೇಕು. ಜಾತ್ರೆ ಮುಗಿದ ಮೇಲೆ ಬಯಲಲ್ಲಿ ಉಳಿಯುವ ಪ್ಲಾಸ್ಟಿಕ್ ಎಲೆಗಳನ್ನು ಮೇಯಲು ದನಗಳು ಬರುತ್ತವೆ.