ಊಟದ ಕೋಣೆ

ಸಂಜೆ ದೇವರ ಮುಂದೆ ದೀಪ ಹಚ್ಚಲು ಬೆಂಕಿಪೊಟ್ಟಣದ ಪಕ್ಕಕ್ಕೆ ಕಡ್ಡಿ ಗೀರುತ್ತೇವೆ. ಮಳೆಗಾಲದಲ್ಲಿ ಆ ಪಕ್ಕ ಥಂಡಿ ಹಿಡಿದರೆ ಕಡ್ಡಿಗಳೆಲ್ಲ ದಂಡ. ಎಷ್ಟೋ ಸಲ ನಾನೂ ಗೊಣಗಿದ್ದೇನೆ. ಆ ಕಂದು ಪಟ್ಟಿಯ ಹಿಂದಿನ ಕಥೆ ಓದಿದ ಮೇಲೆ ಗೊಣಗುವುದನ್ನು ಬಿಟ್ಟೆ.

ಹಿಂದೆ ಗೋಡೆಗೆ ಗೀರಿದರೂ ಹತ್ತುವ ಕಡ್ಡಿಗಳಿದ್ದವು. ಅವುಗಳ ತುದಿಯಲ್ಲಿದ್ದದ್ದು ಬಿಳಿ ರಂಜಕ. ಲಂಡನ್ನಿನ ಪೂರ್ವಭಾಗದ ಬೋ ಎಂಬಲ್ಲಿ, ಬ್ರಯಂಟ್ ಅಂಡ್ ಮೇ ಕಂಪನಿಯ ಕಾರ್ಖಾನೆಯಲ್ಲಿ ಅವನ್ನು ಮಾಡುತ್ತಿದ್ದವರು ಹೆಚ್ಚಾಗಿ ಬಡ ಹೆಂಗಸರು, ಹುಡುಗಿಯರು. ಮಾತಾಡಿದರೆ ದಂಡ, ಕಾಲು ಕೊಳಕಾಗಿದ್ದರೆ ದಂಡ. ಊಟಕ್ಕೆ ಬೇರೆ ಜಾಗವಿರಲಿಲ್ಲ. ಕೆಲಸದ ಜಾಗದಲ್ಲೇ, ರಂಜಕದ ಹಬೆಯ ನಡುವೆಯೇ ತಿನ್ನಬೇಕು. ಬಾಯಿಗಿಟ್ಟ ತುತ್ತಿನ ಜೊತೆ ವಿಷವೂ ಒಳಗೆ ಹೋಗುತ್ತಿತ್ತು. ಮೊದಲು ಹಲ್ಲುನೋವು, ಆಮೇಲೆ ಮುಖದ ಬಾವು, ಕೀವು, ಕೊನೆಗೆ ದವಡೆಯ ಮೂಳೆಯೇ ಕೊಳೆಯುವುದು. ಆ ನಾತಕ್ಕೆ ಮನೆಯವರೂ ಹತ್ತಿರ ಕೂರಲಾರರು. ಕೆಲವರ ದವಡೆಯನ್ನೇ ಕತ್ತರಿಸಿ ತೆಗೆದರು, ಕೆಲವರು ಸತ್ತೇಹೋದರು.

1888ರ ಜೂನ್‌ನಲ್ಲಿ ಆನಿ ಬೆಸೆಂಟ್ ಈ ಕಾರ್ಖಾನೆಯ ಬಗ್ಗೆ ಪತ್ರಿಕೆಯಲ್ಲಿ ಬರೆದರು. ಮುಂದೆ 1893ರಲ್ಲಿ ನಮ್ಮ ದೇಶಕ್ಕೆ ಬಂದು, 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷೆಯಾದ ಬೆಸೆಂಟ್ ಇವರೇ. ಬರೆದದ್ದು ಸುಳ್ಳೆಂದು ಸಹಿ ಹಾಕಿ ಎಂದು ಕಂಪನಿ ಹುಡುಗಿಯರನ್ನು ಒತ್ತಾಯಿಸಿತು. ಅವರು ಹಾಕಲಿಲ್ಲ. ಜುಲೈ ಮೊದಲ ವಾರ ಸುಮಾರು 1400 ಮಂದಿ ಕೆಲಸ ಬಿಟ್ಟು ಹೊರಬಂದರು. ಎರಡು ವಾರದೊಳಗೆ ಕಂಪನಿ ಮಣಿಯಿತು. ದಂಡ ರದ್ದಾಯಿತು. ಊಟಕ್ಕೆ ಪ್ರತ್ಯೇಕ ಕೋಣೆ ಕೊಡಲು ಒಪ್ಪಿತು.

ಊಟಕ್ಕೊಂದು ಕೋಣೆ! ನಮಗೆ ಎಷ್ಟು ಸಣ್ಣ ಸಂಗತಿ! ಅವರಿಗೆ ಅದು ಜೀವದ ಪ್ರಶ್ನೆ.

ಆದರೂ ವಿಷ ಹೋಗಲಿಲ್ಲ. ಆ ಕಾರ್ಖಾನೆ ಬಿಳಿ ರಂಜಕವನ್ನು ಬಿಟ್ಟದ್ದು 1901ರಲ್ಲಿ. ಹಾಗೆಂದು ಬೇರೆ ದಾರಿ ಇರಲಿಲ್ಲವೇ? ಇತ್ತು. ಅಪಾಯವಿಲ್ಲದ ಕೆಂಪು ರಂಜಕವನ್ನು ಪೊಟ್ಟಣದ ಪಕ್ಕಕ್ಕೆ ಬಳಿಯುವ ವಿಧಾನ ಅದಕ್ಕೂ ನಾಲ್ಕು ದಶಕಗಳ ಹಿಂದೆಯೇ ಬಂದಿತ್ತು. ಅದೇ ಕಂಪನಿ ಅಂಥ ಕಡ್ಡಿಗಳನ್ನೂ ಮಾಡುತ್ತಿತ್ತು. ಆದರೆ ಕೊಳ್ಳುವವರಿಗೆ ಬೇಕಿದ್ದದ್ದು ಎಲ್ಲಿ ಗೀರಿದರೂ ಹತ್ತುವ, ಅಗ್ಗದ ಕಡ್ಡಿ. ಕೊನೆಗೆ ಕಾನೂನೇ ಬರಬೇಕಾಯಿತು: ಬ್ರಿಟನ್ನಿನಲ್ಲಿ 1908ರಲ್ಲಿ, ನಮ್ಮಲ್ಲಿ 1913ರಲ್ಲಿ.

ಕೊಳ್ಳುವವರೆಂದರೆ ಯಾರು? ನಮ್ಮ ಹಾಗೆ ಒಲೆ, ದೀಪ ಹಚ್ಚುವವರೇ ತಾನೆ? ಅದಕ್ಕೇ ಈಗ ಅಂಗಡಿಯಲ್ಲಿ ತೀರಾ ಅಗ್ಗದ ವಸ್ತು ಕೈಗೆ ಬಂದಾಗ, ಇದನ್ನು ಮಾಡಿದವಳು ಎಲ್ಲಿ ಕೂತು ಉಂಡಳೋ ಎಂದು ಯೋಚನೆಯಾಗುತ್ತದೆ.