ಸೋದರಮಾವನ ಮನೆಯ ಮುದ್ದೆ

ನಮ್ಮ ಮುತ್ತಜ್ಜಿ ತನ್ನ ಬಾಲ್ಯದ ಕಥೆಯನ್ನ "ಆ ಜ್ವರದ ವರ್ಷ" ಅಂತಲೇ ಶುರು ಮಾಡ್ತಿದ್ದಳಂತೆ. 1918ರ ಇನ್‌ಫ್ಲುಯೆಂಜಾ. ಒಂದೇ ವಾರದಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದರು. ಸೋದರಮಾವ ಗಾಡಿ ಕಟ್ಟಿಕೊಂಡು ಬಂದು ಮೂರೂ ಮಕ್ಕಳನ್ನ ಕರೆದುಕೊಂಡು ಹೋದನಂತೆ. ಅವನಿಗೇ ಐದು ಮಕ್ಕಳಿದ್ದವು. ಅತ್ತೆ ಎಲ್ಲರ ಮುದ್ದೆಯನ್ನೂ ಒಂದಿಷ್ಟು ಚಿಕ್ಕದು ಮಾಡಿದಳು, ಅಷ್ಟೇ! ಇದು ಯಾವ ಕಚೇರಿಯ ಕಡತದಲ್ಲೂ ಇಲ್ಲ.

ಅದಕ್ಕೂ ಹಿಂದೆ, 1876-78ರಲ್ಲಿ, ಧಾತು-ಈಶ್ವರ ಸಂವತ್ಸರಗಳ ದೊಡ್ಡ ಬರ ಬಂದಿತ್ತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ಕ್ಕೆ 42 ಲಕ್ಷಕ್ಕೆ ಇಳಿಯಿತು. ಎಷ್ಟು ಮನೆಗಳಲ್ಲಿ ಮಕ್ಕಳು ಮಾತ್ರ ಉಳಿದಿರಬೇಕು, ಯೋಚಿಸಿ. ಅನಾಥಾಲಯಗಳು ವರದಿ ಬರೆದಿಟ್ಟವು. ಅಜ್ಜಿಯರು, ಚಿಕ್ಕಪ್ಪಂದಿರು ವರದಿ ಬರೆಯಲಿಲ್ಲ.

ಹಾಗಂತ ಕಾನೂನಿಗೆ ಬಂಧುಗಳು ಕಾಣಲೇ ಇಲ್ಲ ಅಂತಲ್ಲ. 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆಯ 17ನೇ ಕಲಮು, ಪಾಲಕರನ್ನ ನೇಮಿಸುವಾಗ ಮಗುವಿಗೆ ಅವರು ಎಷ್ಟು ಹತ್ತಿರದ ಸಂಬಂಧಿ ಅಂತಲೂ ನೋಡಬೇಕು ಅನ್ನುತ್ತೆ. ಮಗುವಿಗೆ ತಿಳಿವಳಿಕೆ ಬಂದಿದ್ದರೆ ಅದರ ಇಷ್ಟವನ್ನೂ ಕೇಳಬಹುದು. ಒಳ್ಳೆಯ ಮಾತೇ. ಆದರೆ ಆಸ್ತಿಯಿಲ್ಲದ ಮಗುವನ್ನ ಸಾಕುವ ಅಜ್ಜಿಗೆ ರಾಗಿ ಎಲ್ಲಿಂದ ಬರಬೇಕು? ಅದನ್ನ ಆ ಕಾಯಿದೆ ಕೇಳಲಿಲ್ಲ.

ಆ ಪ್ರಶ್ನೆ ಕೇಳೋಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯ್ತು. 2015ರ ಬಾಲನ್ಯಾಯ ಕಾಯಿದೆಯ 45ನೇ ಕಲಮು, ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳಿಗೆ ಪ್ರಾಯೋಜಕತ್ವದ ನೆರವು ಕೊಡಬಹುದು ಅಂತ ಬಾಯಿಬಿಟ್ಟು ಹೇಳಿತು. 2021ರಲ್ಲಿ ಕೋವಿಡ್ ಮತ್ತೆ ಸೋದರಮಾವಂದಿರ ಬಾಗಿಲು ತಟ್ಟಿತು. ಆಗ ಕರ್ನಾಟಕ ಸರ್ಕಾರ ಬಾಲಸೇವಾ ಯೋಜನೆಯಲ್ಲಿ ಅಂಥ ಮಕ್ಕಳ ಪಾಲಕರಿಗೆ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. 2022ರ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವದ ಮೊತ್ತ ತಿಂಗಳಿಗೆ 4,000 ರೂಪಾಯಿ ಆಯ್ತು.

ಇಷ್ಟಾದರೂ ಒಂದು ಕಡೆ ನನ್ನ ಮನಸ್ಸು ತಡೆಯುತ್ತೆ. ಈ ಪ್ರಾಯೋಜಕತ್ವ 18ಕ್ಕೆ ಮುಗಿಯುತ್ತೆ. ಅದೇ ಕಾಯಿದೆಯ 46ನೇ ಕಲಮು 18 ತುಂಬಿದವರಿಗೆ ಮುಂದಿನ ನೆರವಿನ ಬಗ್ಗೆ ಹೇಳುತ್ತೆ ನಿಜ, ಆದರೆ ಅದು ಮಕ್ಕಳ ಪಾಲನಾ ಸಂಸ್ಥೆಯಿಂದ ಹೊರಬರುವವರಿಗೆ. ಅಜ್ಜಿ ಸಾಕಿದ ಹುಡುಗ ಪಿಯುಸಿ ಮುಗಿಸಿ ನಿಂತರೆ? ಅಜ್ಜಿಗೆ ಎಪ್ಪತ್ತು ದಾಟಿರುತ್ತೆ. ಹಾಸ್ಟೆಲಿನಲ್ಲಿ ಬೆಳೆದಿದ್ದರೇ ಚೆನ್ನಾಗಿತ್ತು ಅಂತ ಅವನಿಗೆ ಅನ್ನಿಸಬಾರದಲ್ವಾ?

ನಮ್ಮ ಮುತ್ತಜ್ಜಿಯ ತಮ್ಮನಿಗೆ ಹದಿನೆಂಟಾದಾಗ ಸೋದರಮಾವ ಒಂದು ಜೊತೆ ಎತ್ತು ಕೊಟ್ಟು "ಇನ್ನು ನಿನ್ನ ಕಾಲ ಮೇಲೆ ನಿಲ್ಲು" ಅಂದನಂತೆ. ಈಗಿನ ಹುಡುಗರಿಗೆ ಆ ಎತ್ತಿನ ಜೋಡಿ ಯಾವುದು, ಕೊಡೋರು ಯಾರು?

ನಿಮ್ಮ ಮನೆತನದಲ್ಲೂ ಇಂಥ ಒಬ್ಬ ಸೋದರಮಾವ, ಒಬ್ಬ ಅತ್ತೆ ಇದ್ದೇ ಇರ್ತಾರೆ. ಹಿರಿಯರು ಇರುವಾಗಲೇ ಕೇಳಿ, ಬರೆದಿಡಿ. ಕಡತದಲ್ಲಿ ಇಲ್ಲದ ಚರಿತ್ರೆ ಅದು.